ಪೋಳದ ಮನೆಯಲ್ಲಿ ನಾಲ್ಕು ರಾತ್ರಿ

“ಬೊಟೀಕ್ ಹೋಟೆಲ್ ಅಂದ್ರೆ ಏನ್ರೀ? ಅಲ್ಲಿ ರವಿಕೆ ಹೊಲಿದು ಕೊಡ್ತಾರಾ?”

ನನ್ನಾಕೆ ಹೀಗೆ ಕೇಳಿದಾಗ ನಾನು ಉತ್ತರ ತೋಚದೆ ಕನ್ನಡಕವನ್ನು ಒರೆಸಿಕೊಂಡೆ. ನಮ್ಮ ಬೀದಿಯಲ್ಲಿ ಬೊಟೀಕ್ ಎಂದರೆ ಹೆಂಗಸರ ಉಡುಪಿನ ಅಂಗಡಿ; ಹೋಟೆಲು ಎಂದರೆ ಇಡ್ಲಿ ಕಾಫಿ ದೊರೆಯುವ ತಾಣ. ಇವೆರಡೂ ಕೂಡಿದರೆ ಯಾವ ಸಮಾಸವಾಗುತ್ತದೆಂಬುದು ವ್ಯಾಕರಣದ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೂ ತಿಳಿಯದು. ಬಹುಶಃ ಅರಿಸಮಾಸವೇ ಇರಬೇಕು.

ಸಂಗತಿ ಇಷ್ಟು. ಅಹಮದಾಬಾದಿನಲ್ಲಿ ಕೆಲಸದಲ್ಲಿರುವ ನನ್ನ ಭಾವಮೈದುನ ಸಂಕ್ರಾಂತಿಗೆ ನಮ್ಮನ್ನು ಕರೆದಿದ್ದ. ಸಾಬರಮತಿ ನದಿಯ ಪಶ್ಚಿಮ ದಂಡೆಯಲ್ಲಿ ಅವನ ಮನೆ, ಎರಡೇ ಕೋಣೆಗಳದ್ದು. ಅದೇ ಹಬ್ಬಕ್ಕೆ ಅವನ ಅತ್ತೆ ಮಾವಂದಿರೂ ಬರುವವರಿದ್ದರು. ಆದ್ದರಿಂದ ಅವನು ನದಿಯ ಆಚೆಗಿರುವ ಹಳೆಯ ಪಟ್ಟಣದ ನಡುವೆ ಒಂದು ಸಣ್ಣ ಹೋಟೆಲಿನಲ್ಲಿ ನಮಗೆ ಕೋಣೆ ಗೊತ್ತುಮಾಡಿದ. “ಹೋಟೆಲು ಅಂದ್ರೆ ಹೋಟೆಲಲ್ಲ ಭಾವ, ಹಳೇ ಮನೆ. ರಿಪೇರಿ ಮಾಡಿ ಆರು ಕೋಣೆ ಮಾಡಿದ್ದಾರೆ. ನಿಮ್ಮ ಹಳ್ಳಿಯ ತೊಟ್ಟಿಮನೆ ಇದೆಯಲ್ಲ, ಹಾಗೇ,” ಎಂದು ಫೋನಿನಲ್ಲಿ ಹೇಳಿದ.

ಅವನು ಸಹಜವಾಗಿ ಆಡಿದ ಆ ಕೊನೆಯ ಮಾತು ನನಗೆ ಮುಳ್ಳಿನಂತೆ ನಾಟಿತು. ಏಕೆಂದರೆ ಆ ವಾರವಷ್ಟೇ ನನ್ನ ಅಣ್ಣ ಒಂದು ಕಾಗದವನ್ನು ಕಳುಹಿಸಿದ್ದ. ಹಾಸನದ ಕಡೆಯ ಹಳ್ಳಿಯಲ್ಲಿರುವ ನಮ್ಮ ಹಿರಿಯರ ತೊಟ್ಟಿಮನೆಯನ್ನು ಮಾರುವ ಕರಾರುಪತ್ರ ಅದು. ಅಪ್ಪ ತೀರಿಕೊಂಡ ಮೇಲೆ ಆರು ವರ್ಷಗಳಿಂದ ಆ ಮನೆಗೆ ಬೀಗ. ನಿವೇಶನಕ್ಕೆ ಒಬ್ಬ ಗಿರಾಕಿ. ಒಳಗಿನ ಎಂಟು ಕಂಬಗಳಿಗೂ ತಲೆಬಾಗಿಲಿಗೂ ಇನ್ನೊಬ್ಬ ಗಿರಾಕಿ. ಎಲ್ಲೋ ಕಾಫಿ ತೋಟದ ನಡುವೆ ಏಳುತ್ತಿರುವ ಒಂದು ರೆಸಾರ್ಟಿಗೆ ಅವು ಬೇಕಂತೆ. ನನ್ನದೊಂದು ಸಹಿ ಬಿದ್ದರೆ ಕೆಲಸ ಮುಗಿಯುತ್ತಿತ್ತು. “ಊರಿಂದ ಬಂದು ನೋಡುತ್ತೇನೆ” ಎಂದು ಅಣ್ಣನಿಗೆ ತಿಳಿಸಿ, ಕಾಗದವನ್ನು ಮಡಿಸಿ ಪೆಟ್ಟಿಗೆಯ ಅಡಿಯಲ್ಲಿಟ್ಟುಕೊಂಡು ನಾನು ರೈಲು ಹತ್ತಿದೆ.

ಓಣಿಯೊಳಗಿನ ಓಣಿ

ಒಂದು ದಿನಕ್ಕೂ ಮಿಕ್ಕ ರೈಲು ಪ್ರಯಾಣ ಮುಗಿಸಿ ನಾವು ಮೂವರು, ನಾನು, ನನ್ನಾಕೆ, ಎಂಟು ವರ್ಷದ ಮಗಳು, ಜನವರಿ 11ರ ಸಂಜೆ ಕಾಲುಪುರ ನಿಲ್ದಾಣದಲ್ಲಿ ಇಳಿದೆವು. ಆಟೋದವನು ಒಂದು ಹೆಬ್ಬಾಗಿಲಿನ ಮುಂದೆ ಗಾಡಿ ನಿಲ್ಲಿಸಿ, ಇನ್ನು ಮುಂದೆ ಕಾಲೇ ಗತಿ ಎಂದು ಕೈಸನ್ನೆಯಿಂದ ತಿಳಿಸಿದ. ಪೆಟ್ಟಿಗೆಗಳನ್ನು ಹೊತ್ತು ಒಳಹೊಕ್ಕೆವು. ಓಣಿ ಮೊದಲು ಎಂಟಡಿ ಅಗಲವಿದ್ದದ್ದು ಆರಡಿಯಾಯಿತು. ಒಂದು ತಿರುವು ಕಳೆದ ಮೇಲೆ ಎದುರಿನಿಂದ ಬಂದ ಹಸುವಿಗೆ ದಾರಿ ಬಿಡಲು ನಾವು ಯಾರದೋ ಜಗುಲಿಯನ್ನು ಹತ್ತಬೇಕಾಯಿತು. ಜಗುಲಿಯ ಮೇಲೆ ಬಟಾಣಿ ಸುಲಿಯುತ್ತಿದ್ದ ಹೆಂಗಸು ಇದೇನೂ ಹೊಸದಲ್ಲವೆಂಬಂತೆ ಮಗ್ಗುಲಿಗೆ ಸರಿದು ಜಾಗ ಕೊಟ್ಟಳು.

ಇಂಥ ಓಣಿಗೇ ಪೋಳ ಎಂದು ಹೆಸರು. ಸಂಸ್ಕೃತದ ‘ಪ್ರತೋಲಿ’ಯಿಂದ ಬಂದ ಮಾತು ಎನ್ನುತ್ತಾರೆ. ಒಂದು ಹೆಬ್ಬಾಗಿಲು, ಅದರ ಮೇಲೆ ಕಾವಲುಗಾರನ ಕೋಣೆ, ಒಳಗೆ ಒಂದೇ ಜಾತಿಯ ಇಲ್ಲವೆ ಒಂದೇ ಕಸುಬಿನ ಜನರ ಗೋಡೆಗೆ ಗೋಡೆ ತಾಕಿದ ಮನೆಗಳು, ಒಂದು ದೇವಸ್ಥಾನ, ಒಂದು ಬಾವಿ, ಹಕ್ಕಿಗಳಿಗೆ ಕಾಳು ಹಾಕುವ ಒಂದು ಕಂಬ. ರಾತ್ರಿಯಾದರೆ ಹೆಬ್ಬಾಗಿಲು ಮುಚ್ಚುತ್ತಿತ್ತು. ಒಂದು ಪೋಳದಿಂದ ಇನ್ನೊಂದಕ್ಕೆ ಒಳಗಿಂದೊಳಗೇ ದಾಟುವ ಗುಪ್ತದಾರಿಗಳೂ ಉಂಟು. ಹೊರಗಿನವನಿಗೆ ಗೋಡೆಯಂತೆ ಕಂಡದ್ದು ಒಳಗಿನವನಿಗೆ ಬಾಗಿಲು. 1411ರಲ್ಲಿ ಸುಲ್ತಾನ್ ಅಹಮದ್ ಷಾ ಕಟ್ಟಿದ ಈ ಕೋಟೆಯ ಪಟ್ಟಣದಲ್ಲಿ ಇಂಥ ಪೋಳಗಳು ನೂರಾರಿವೆ. ಇವುಗಳ ದೆಸೆಯಿಂದಲೇ 2017ರಲ್ಲಿ ಯುನೆಸ್ಕೋ ಸಂಸ್ಥೆ ಈ ಪಟ್ಟಣವನ್ನು ವಿಶ್ವಪರಂಪರೆಯ ನಗರವೆಂದು ಪಟ್ಟಿಗೆ ಸೇರಿಸಿತು. ಭಾರತದಲ್ಲಿ ಆ ಮನ್ನಣೆಯನ್ನು ಮೊದಲು ಪಡೆದ ನಗರ ಇದೇ.

ನಮ್ಮ ಹೋಟೆಲಿಗೆ ಬೋರ್ಡಿರಲಿಲ್ಲ. ಬಾಗಿಲ ಪಕ್ಕದಲ್ಲಿ ಅಂಗೈಯಗಲದ ಹಿತ್ತಾಳೆಯ ತಗಡು, ಅಷ್ಟೇ. ಮೂರು ಮೆಟ್ಟಿಲ ಜಗುಲಿ. ಅದಕ್ಕೆ ಅವರು ‘ಓಟಲೋ’ ಎನ್ನುತ್ತಾರೆ. ಎತ್ತರದ ಹೊಸ್ತಿಲು ದಾಟಿದರೆ ಒಂದು ಸಣ್ಣ ಹಜಾರ. ಅದನ್ನು ದಾಟಿದರೆ ತಲೆಯ ಮೇಲೆ ಇದ್ದಕ್ಕಿದ್ದಂತೆ ಆಕಾಶ.

ನಾನು ನಿಂತಲ್ಲೇ ನಿಂತುಬಿಟ್ಟೆ. ಭಾವಮೈದುನನ ಮಾತು ಸುಳ್ಳಾಗಿರಲಿಲ್ಲ. ನಾಲ್ಕು ಕಡೆ ಮರದ ಕಂಬಗಳು, ನಡುವೆ ಕಲ್ಲು ಹಾಸಿದ ತೆರಪು, ಅದರ ಸುತ್ತ ಕೋಣೆಗಳು. ನಾವು ತೊಟ್ಟಿ ಎನ್ನುವುದನ್ನು ಅವರು ‘ಚೋಕ್’ ಎನ್ನುತ್ತಾರೆ. ವ್ಯತ್ಯಾಸವೆಂದರೆ ನಮ್ಮ ತೊಟ್ಟಿ ಅಡ್ಡಕ್ಕೆ ಬೆಳೆದದ್ದು, ಇದು ಮೇಲಕ್ಕೆ ಬೆಳೆದದ್ದು. ಮೂರು ಅಂತಸ್ತಿನ ಮನೆಯ ನಡುವಿನ ಈ ತೆರಪು ಬೆಳಕಿನ ಬಾವಿಯಂತಿದೆ. ಹಗಲು ಕಾದ ಗಾಳಿ ಇದರ ಮೂಲಕವೇ ಮೇಲೇರಿ ಹೊರಟುಹೋಗುತ್ತದೆ. ಓಣಿಯ ನೆರಳಿನ ತಂಪುಗಾಳಿ ಮುಂಬಾಗಿಲಿನಿಂದ ಒಳಬರುತ್ತದೆ. ಬಿಸಿಲನಾಡಿನ ಈ ಜನ ಮನೆಯನ್ನೇ ಬೀಸಣಿಗೆಯಾಗಿ ಮಾಡಿಕೊಂಡಿದ್ದಾರೆ.

“ಅಪ್ಪ, ಇದು ನಮ್ಮ ತಾತನ ಮನೆ ಥರಾನೇ ಇದೆ. ಆದ್ರೆ ಇಲ್ಲಿ ಬಾವಲಿ ಇಲ್ಲ,” ಎಂದಳು ಮಗಳು.

ನೆಲದೊಳಗಿನ ಮಳೆ

ಆ ಹೋಟೆಲಿನ ಯಜಮಾನರು ಐವತ್ತು ದಾಟಿದವರು. ಮಿತಭಾಷಿ. ಅವರು ಬರಿಗಾಲಿನಲ್ಲೇ ಓಡಾಡಿ ನಮಗೆ ಮನೆ ತೋರಿಸಿದರು. ಇದು ಅವರದೇ ಪೂರ್ವಿಕರ ಮನೆ. ತೊಲೆಕಂಬಗಳು ಬರ್ಮಾ ತೇಗ. ಗಿರಣಿಗಳ ಕಾಲದ ಸಿರಿವಂತಿಕೆ. ರಣಛೋಡಲಾಲ್ ಛೋಟಾಲಾಲರು 1861ರಲ್ಲಿ ಇಲ್ಲಿ ಮೊದಲ ಬಟ್ಟೆಯ ಗಿರಣಿಯನ್ನು ನಡೆಸತೊಡಗಿದ ಮೇಲೆ ಊರಿಗೆ ಹಣ ಹರಿದುಬಂತು. ಆ ಹಣದಲ್ಲಿ ಒಂದು ಪಾಲು ಮರದ ಕೆತ್ತನೆಯಾಗಿ ಓಣಿಗಳಲ್ಲಿ ಅರಳಿತು. ಇಟ್ಟಿಗೆಯ ಗೋಡೆಗಳ ನಡುನಡುವೆ ಮರದ ಪಟ್ಟಿಗಳನ್ನು ಹಾಯಿಸಿರುವುದನ್ನು ಯಜಮಾನರು ತೋರಿಸಿದರು. ಭೂಮಿ ನಡುಗಿದರೆ ಈ ಮರ ಬಾಗಿ ಬಳುಕಿ ಗೋಡೆಯನ್ನು ಹಿಡಿದುಕೊಳ್ಳುತ್ತದೆಯಂತೆ. 2001ರ ಜನವರಿ 26ರ ಭೂಕಂಪದಲ್ಲಿ ಇದೇ ಊರಿನ ಹೊಸ ಬಡಾವಣೆಗಳಲ್ಲಿ ಬಹು ಮಹಡಿಯ ಕಟ್ಟಡಗಳು ಕುಸಿದು ಜನ ಸತ್ತರು. ಈ ಮನೆ ಕಿರುಗುಟ್ಟಿತು, ನಿಂತಿತು.

ಅನಂತರ ಅವರು ಚೋಕಿನ ಮೂಲೆಯಲ್ಲಿದ್ದ ಒಂದು ತಾಮ್ರದ ಮುಚ್ಚಳವನ್ನು ಎತ್ತಿದರು. ಮಗಳು ಬಗ್ಗಿ ನೋಡಿ “ಕೂ” ಎಂದಳು. ಕೆಳಗಿನಿಂದ ಯಾರೋ ತಿರುಗಿ “ಕೂ” ಎಂದರು!

ಅದು ‘ಟಾಂಕಾ’. ಚೋಕಿನ ಅಡಿಯಲ್ಲಿ ಒಂದು ಕೋಣೆಯಷ್ಟು ದೊಡ್ಡ ತೊಟ್ಟಿ, ಒಳಗೆಲ್ಲ ಗಚ್ಚುಗಾರೆ. ಮೇಲ್ಮಹಡಿಯ ಮೇಲೆ ಬಿದ್ದ ಮಳೆ ಕೊಳವೆಯಲ್ಲಿ ಇಳಿದು ಇಲ್ಲಿ ಸೇರುತ್ತದೆ. ವರ್ಷದ ಮೊದಲ ಮಳೆಗಳ ನೀರನ್ನು ಹೊರಗೆ ಬಿಟ್ಟು, ಮಹಡಿ ತೊಳೆದ ಮೇಲೆಯೇ ಒಳಕ್ಕೆ ತಿರುಗಿಸುತ್ತಾರೆ. ಬಿಸಿಲು ತಾಕದ ಕಾರಣ ಆ ನೀರು ಕೆಡುವುದಿಲ್ಲ. ಬಾವಿಯ ನೀರು ಸವುಳಾದುದರಿಂದ ಕುಡಿಯಲೂ ಬೇಳೆ ಬೇಯಿಸಲೂ ಈ ಮನೆಗಳವರು ವರ್ಷವೆಲ್ಲ ಇದನ್ನೇ ನೆಚ್ಚಿದ್ದರು. ನಮ್ಮ ತೊಟ್ಟಿಯೊಳಕ್ಕೂ ನಾಲ್ಕು ಸೂರಿನಿಂದ ಮಳೆ ಸುರಿಯುತ್ತಿತ್ತು. ಆದರೆ ನಾವು ಅದನ್ನು ತೂಬಿನಿಂದ ಹಿತ್ತಲ ಬಾಳೆಗೆ ಬಿಟ್ಟು ಕೈತೊಳೆದುಕೊಳ್ಳುತ್ತಿದ್ದೆವು. ಮಲೆನಾಡಿನ ಮಗ್ಗುಲವರಿಗೆ ನೀರಿನ ಬೆಲೆ ಹೇಗೆ ತಿಳಿಯಬೇಕು!

ಕೋಣೆಯಲ್ಲಿ ನೋಡಿದರೆ ಮಂಚದ ಪಕ್ಕ ಪ್ಲಾಸ್ಟಿಕ್ಕಿನ ಎರಡು ಬಾಟಲಿ ನೀರು! ನನ್ನಾಕೆ ಅವನ್ನು ಎತ್ತಿಕೊಂಡು ಹೋಗಿ, “ನಮಗೆ ಆ ಕೆಳಗಿನ ನೀರೇ ಕೊಡಿ” ಎಂದು ತನ್ನ ಹಿಂದಿಯಲ್ಲಿ ಹೇಳಿದಳು. ಯಜಮಾನರು ಹಿಂಜರಿದರು. ಅತಿಥಿಗಳಿಗೆ ಕೊಡುವ ಪದ್ಧತಿಯಿಲ್ಲ, ಹೊಟ್ಟೆ ಕೆಟ್ಟರೆ ದೂರು ಬರುತ್ತದೆ ಎಂದರು. “ನೀವು ಏನು ಕುಡೀತೀರಿ?” ಎಂದು ಇವಳು ಕೇಳಿದಳು. “ಇದನ್ನೇ” ಎಂದರು. ಮತ್ತೆ ಮಾತಿಗೆ ಅವಕಾಶವಿರಲಿಲ್ಲ. ಹಿತ್ತಾಳೆಯ ತಂಬಿಗೆಯಲ್ಲಿ ಕುದಿಸಿ ಆರಿಸಿದ ನೀರು ಬಂತು. ಅದಕ್ಕೆ ರುಚಿಯೇ ಇರಲಿಲ್ಲ. ಅಂದರೆ, ನಾವು ದಿನವೂ ಕುಡಿಯುವ ನೀರಿಗೆ ಎಷ್ಟೊಂದು ರುಚಿಗಳಿವೆಯೆಂದು ಅಂದು ತಿಳಿಯಿತು.

ಕವಿಯ ಜಗುಲಿ

ಹೋಟೆಲಿನಲ್ಲಿ ನಮಗೆ ಗಡಿಯಾರದ ಅಗತ್ಯ ಬೀಳಲಿಲ್ಲ. ಬೆಳಗಿನ ಜಾವಕ್ಕೆ ಎದುರುಮನೆಯ ಹಾಲಿನ ಪಾತ್ರೆ, ಅನಂತರ ದೇವಸ್ಥಾನದ ಗಂಟೆ, ದೂರದ ಬಾಂಗು, ಆಮೇಲೆ ಶಾಲೆಗೆ ಹೊರಡದ ಹುಡುಗನೊಬ್ಬನ ಅಳು, ಇವು ಅನುಕ್ರಮವಾಗಿ ಕಿಟಕಿಯೊಳಗೆ ಬಂದವು. ಕೈ ಚಾಚಿದರೆ ಎದುರುಮನೆಯ ಕಿಟಕಿಯ ಸರಳು ಸಿಗುವಂತಿತ್ತು. ಇಲ್ಲಿ ಗುಟ್ಟಿನ ಜಗಳ ಸಾಧ್ಯವೇ ಇಲ್ಲವೆಂದು ನನ್ನಾಕೆ ಎಚ್ಚರಿಸಿದಳು. ನಾಲ್ಕು ದಿನವೂ ನಾವು ಪರಸ್ಪರ ಬಹಳ ಸೌಜನ್ಯದಿಂದ ಮಾತನಾಡಿದೆವು.

12ರ ಬೆಳಿಗ್ಗೆ ಕಾಲುಪುರದ ಸ್ವಾಮಿನಾರಾಯಣ ಮಂದಿರಕ್ಕೆ ಹೋದೆವು. 1822ರಲ್ಲಿ ಕಟ್ಟಿದ ಈ ಮಂದಿರದಿಂದ ಜಾಮಾ ಮಸೀದಿಯವರೆಗೆ ಮಹಾನಗರಪಾಲಿಕೆಯವರು 1997ರಲ್ಲಿ ಒಂದು ಕಾಲ್ನಡಿಗೆಯ ಸಂಚಾರವನ್ನು ಏರ್ಪಡಿಸಿದರು. ಅದೇ ದಾರಿಯನ್ನು ನಾವೂ ಹಿಡಿದೆವು. ದಾರಿಯಲ್ಲಿ ಕಂಡ ಬೋದಿಗೆಗಳನ್ನೂ ಬಾಗಿಲವಾಡಗಳನ್ನೂ ಬಣ್ಣಿಸಹೊರಟರೆ ಈ ಸಂಚಿಕೆಯ ಧಾರಾವಾಹಿಗೆ ಜಾಗ ಉಳಿಯಲಾರದು. ಒಂದು ಬೋದಿಗೆಯ ಮೇಲೆ ಗಿಳಿ. ಮಗ್ಗುಲ ಮನೆಯದರ ಮೇಲೆ ಟೋಪಿ ತೊಟ್ಟ ದೊರೆ. ಕಾಲ ಬದಲಾದಂತೆ ಬಡಗಿ ತನ್ನ ದೇವತೆಗಳನ್ನೂ ಬದಲಾಯಿಸಿಕೊಂಡಿದ್ದ.

ಲಾಂಬೇಶ್ವರನ ಪೋಳದಲ್ಲಿ ನಾನು ಅರ್ಧ ಗಂಟೆ ಕುಳಿತುಬಿಟ್ಟೆ. ಅಲ್ಲಿ ಗುಜರಾತಿಯ ಕವಿ ದಲಪತರಾಮರ (1820–1898) ಮನೆಯಿದ್ದಿತು. ಅಲೆಗ್ಸಾಂಡರ್ ಫೋರ್ಬ್ಸ್ ಎಂಬ ಆಂಗ್ಲ ಅಧಿಕಾರಿಗೆ ಗುಜರಾತಿ ಕಲಿಸಿದವರು ಇವರು. ಅದೇ ಫೋರ್ಬ್ಸ್ 1848ರಲ್ಲಿ ದೇಶಭಾಷೆಯ ಏಳಿಗೆಗಾಗಿ ಒಂದು ಸಂಘವನ್ನು ಸ್ಥಾಪಿಸಿದ. ಗ್ರೀಕ್ ಪ್ರಹಸನವೊಂದನ್ನು ಅನುಸರಿಸಿ ‘ಲಕ್ಷ್ಮೀ’ ಎಂಬ ನಾಟಕವನ್ನೂ ದಲಪತರಾಮರು ಬರೆದರು. ಮನೆ ಈಗಿಲ್ಲ. ಅದರ ಮುಖವನ್ನಷ್ಟೇ ತಿರುಗಿ ಕಟ್ಟಿ, ಮುಂದೆ ಜಗುಲಿಯ ಮೇಲೆ ಕವಿಯ ಕಂಚಿನ ಮೂರ್ತಿಯನ್ನು ಕೂರಿಸಿದ್ದಾರೆ. ಪೀಠವಿಲ್ಲ, ಸರಪಳಿಯ ಬೇಲಿಯಿಲ್ಲ. ಶಾಲೆ ಬಿಟ್ಟ ಮಕ್ಕಳು ಅವರ ಮಗ್ಗುಲಲ್ಲೇ ಚೀಲವಿಟ್ಟು ಆಡುತ್ತಾರೆ. ಕನ್ನಡ ಮೇಷ್ಟ್ರಾದ ನನಗೆ ಇದು ಬಹಳ ಹಿಡಿಸಿತು. ಆದರೆ ಕವಿಯ ಹಿಂದಿನ ಆ ಬಾಗಿಲನ್ನು ನೋಡುತ್ತಿದ್ದಂತೆ ಇನ್ನೊಂದು ವಿಚಾರವೂ ಬಂತು. ಮುಖವಿದೆ, ಒಳಮನೆಯಿಲ್ಲ. ಬಾಗಿಲಿದೆ, ಅದು ಯಾರ ಅಡಿಗೆಮನೆಗೂ ಹೋಗುವುದಿಲ್ಲ. ಪೆಟ್ಟಿಗೆಯ ಅಡಿಯಲ್ಲಿದ್ದ ಕಾಗದ ನೆನಪಾಯಿತು.

1424ರ ಜಾಮಾ ಮಸೀದಿಯ ಕಂಬಗಳ ಕಾಡಿನಲ್ಲಿ ತಣ್ಣಗೆ ಕುಳಿತು ಕಾಲ ದಣಿವನ್ನು ಕಳೆದುಕೊಂಡೆವು. 1819ರ ಭೂಕಂಪದಿಂದ ಹಾನಿಗೊಂಡು ಅದರ ಎತ್ತರದ ಮಿನಾರುಗಳು ಈಗ ಬುಡವಷ್ಟೇ ಉಳಿದಿವೆ. ಸಂಜೆ, ಗುಜರಾತಿನ ಸುಲ್ತಾನರ ಆಳ್ವಿಕೆಯ ಕೊನೆಯ ಘಳಿಗೆಯಲ್ಲಿ, 1573ರ ಸುಮಾರಿಗೆ ಕಟ್ಟಿದ ಸಿದಿ ಸಯ್ಯದ್ ಮಸೀದಿಯ ಕಲ್ಲಿನ ಜಾಲಂಧ್ರವನ್ನು ಕಂಡೆವು. ಬಳ್ಳಿ ಸುತ್ತಿದ ಒಂದು ಮರ; ಅದರ ಹಿಂದೆ ಮುಳುಗುವ ಸೂರ್ಯ. ಈ ಊರಿನಲ್ಲಿ ಮರವನ್ನು ಕಲ್ಲಿನಂತೆ ಬಾಳಿಸಿದ್ದಾರೆ, ಕಲ್ಲನ್ನು ಮರದಂತೆ ಚಿಗುರಿಸಿದ್ದಾರೆ.

ಮಾಣೇಕ್ ಚೌಕದ ದೋಸೆ

ಮಸೀದಿಯ ಬೆನ್ನಿಗೇ ಮಾಣೇಕ್ ಚೌಕ. ಅದು ದಿನಕ್ಕೆ ಹಲವು ವೇಷ ಹಾಕುವ ಬಯಲು. ಬೆಳಿಗ್ಗೆ ಹಸುಗಳಿಗೆ ಹುಲ್ಲು ತಿನ್ನಿಸುವವರು. ಹಗಲೆಲ್ಲ ಚಿನ್ನ ಬೆಳ್ಳಿಯ ವ್ಯಾಪಾರ. ಮಗ್ಗುಲಲ್ಲಿ, ಸುಲ್ತಾನರ ರಾಣಿಯರ ಗೋರಿಗಳ ಸುತ್ತ, ಘಾಗ್ರಾ ಓಢಣಿಗಳ ಅಂಗಡಿಗಳು. ರಾತ್ರಿ ಆಭರಣದಂಗಡಿಗಳ ಬಾಗಿಲು ಬಿದ್ದೊಡನೆ ಅದೇ ಜಾಗದಲ್ಲಿ ಒಲೆಗಳು ಹೊತ್ತಿಕೊಳ್ಳುತ್ತವೆ. ಮಧ್ಯರಾತ್ರಿ ದಾಟಿದರೂ ಜನ ಕರಗುವುದಿಲ್ಲ.

ಚೌಕಕ್ಕೆ ಹೆಸರು ಕೊಟ್ಟ ಮಾಣೇಕನಾಥನೆಂಬ ಸಂತನದೊಂದು ಕಥೆಯಿದೆ. ಸುಲ್ತಾನ ಹಗಲೆಲ್ಲ ಕೋಟೆ ಕಟ್ಟಿಸಿದರೆ ಸಂತ ಹಗಲೆಲ್ಲ ಒಂದು ಚಾಪೆ ಹೆಣೆಯುತ್ತಿದ್ದನಂತೆ. ರಾತ್ರಿ ಅವನು ಚಾಪೆಯ ಎಳೆ ಬಿಚ್ಚಿದರೆ ಕೋಟೆಯ ಗೋಡೆ ಉರುಳುತ್ತಿತ್ತಂತೆ. ಗೋಡೆ ಕಟ್ಟುವವರು ಚಾಪೆ ಹೆಣೆಯುವವನ ಅಪ್ಪಣೆ ಪಡೆಯಬೇಕೆಂಬುದು ಆ ಕಥೆಯ ತಾತ್ಪರ್ಯವಿರಬಹುದು.

ಆ ರಾತ್ರಿ ನಮ್ಮ ಮಗಳು ದೋಸೆ ಬೇಕೆಂದಳು. ಕಾವಲಿಯ ಮೇಲೆ ಹಿಟ್ಟು ಹರಡಿದ್ದನ್ನು ಕಂಡೆವು. ಅನಂತರ ಅದರ ಮೇಲೆ ಬಿದ್ದ ಬೆಣ್ಣೆಯ ಗಟ್ಟಿಯನ್ನೂ ಹೆರೆದ ಚೀಸಿನ ಹಿಮಪಾತವನ್ನೂ ಕಂಡು ನಾವು ಮೂವರೂ ಮೂಕರಾದೆವು. ದಾವಣಗೆರೆಯ ಬೆಣ್ಣೆದೋಸೆಯೂ ಇದರ ಮುಂದೆ ಏಕಾದಶಿಯ ಫಲಾಹಾರ. ತಿಂದೆವು. ನಿಜ ಹೇಳಬೇಕೆಂದರೆ ಇನ್ನೊಂದನ್ನೂ ತರಿಸಿದೆವು.

ಕಂಬದ ಎಣ್ಣೆಗಲೆ

ಮರುದಿನ ಮಧ್ಯಾಹ್ನ ಚೋಕಿನಲ್ಲಿ ಕುಳಿತು ಏನೋ ಓದುತ್ತಿದ್ದೆ. ಮೂಲೆಯ ಒಂದು ಕಂಬದ ಮೇಲೆ, ನೆಲದಿಂದ ಸುಮಾರು ಎರಡೂವರೆ ಅಡಿ ಎತ್ತರದಲ್ಲಿ, ಕಪ್ಪಗೆ ನುಣುಪಾದ ಒಂದು ಗುರುತು ಕಾಣಿಸಿತು. ಅದು ಏನೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ನಮ್ಮ ಮನೆಯ ಪಡುಗಡೆಯ ಕಂಬದ ಮೇಲೂ ಅಂಥದೊಂದು ಗುರುತಿದೆ. ತಾತ ದಿನವೂ ಊಟವಾದ ಮೇಲೆ ಆ ಕಂಬಕ್ಕೆ ಒರಗಿ ಎಲೆಯಡಿಕೆ ಹಾಕುತ್ತಿದ್ದರು. ಅವರ ತಲೆಯ ಹರಳೆಣ್ಣೆ ಕುಡಿದು ಕುಡಿದು ಮರ ಕಪ್ಪಾಗಿತ್ತು. ಆದರೆ ಇಲ್ಲಿನ ಗುರುತು ಗೋಡೆಯ ಕಡೆಗೆ ತಿರುಗಿತ್ತು. ಗೋಡೆಗೂ ಕಂಬಕ್ಕೂ ನಡುವೆ ಒಂದು ಗೇಣು ತೆರಪಿಲ್ಲ. ಅಲ್ಲಿ ಮನುಷ್ಯ ಕೂರುವುದು ಹೇಗೆ?

ಯಜಮಾನರನ್ನು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅದು ಈ ಮನೆಯದಲ್ಲ,” ಎಂದರು. ಬೀಗ ಹಾಕಿದ ಎಂಟು ವರ್ಷಗಳಲ್ಲಿ ಇಲ್ಲಿನ ಎರಡು ಕಂಬಗಳು ಗೆದ್ದಲಿಗೆ ಹೋಗಿದ್ದವು. ಇನ್ನೊಂದು ಪೋಳದಲ್ಲಿ ಕೆಡವಿದ ಮನೆಯ ಕಂಬಗಳನ್ನು ಹಳೆಯ ಸಾಮಾನಿನ ವ್ಯಾಪಾರಿಯಿಂದ ಕೊಂಡು ತಂದು ನಿಲ್ಲಿಸಿದರು. “ಯಾರ ಮನೆಯದೆಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ.”

ಆಮೇಲೆ ಅವರ ಮಾತಿನ ಗಂಟು ಬಿಚ್ಚಿತು. ಪೋಳದ ಜನ ಮನೆ ಬಿಟ್ಟದ್ದು ಒಂದು ದಿನದಲ್ಲಲ್ಲ. 1892ರಲ್ಲಿ ನದಿಗೆ ಎಲಿಸ್ ಸೇತುವೆ ಆಯಿತು. 1920ರ ದಶಕದಿಂದ ಆಚೆ ದಂಡೆಯಲ್ಲಿ ಸಹಕಾರಿ ವಸತಿ ಸಂಘಗಳು ಎದ್ದವು. ಅಲ್ಲಿ ಗಾಳಿ, ಬಯಲು, ಬಾಗಿಲಿಗೇ ಬರುವ ಕಾರು. ಮಗ ಮದುವೆಯಾದರೆ ಇಲ್ಲಿ ಬೇರೆ ಕೋಣೆಯಿಲ್ಲ. ಒಂದೇ ಮನೆಗೆ ಹನ್ನೆರಡು ಜನ ಪಾಲುದಾರರು. ಹೆಂಚು ಬದಲಾಯಿಸಲು ಹನ್ನೆರಡು ಸಹಿ. 1969, 1985, 2002ರ ಗಲಭೆಗಳು ಬಂದವು. ಕರ್ಫ್ಯೂ ಬಿದ್ದಾಗ ಹಾಲಿಗೂ ಹೊರಗೆ ಹೋಗುವಂತಿರಲಿಲ್ಲ. ಒಬ್ಬರನ್ನೊಬ್ಬರು ಬಲ್ಲವರು ಹೆದರಿ ಬೇರೆ ಬೇರೆ ದಿಕ್ಕಿಗೆ ಹೋದರು. ಗಿರಣಿಗಳು ಮುಚ್ಚಿದವು. ಖಾಲಿಯಾದ ಮನೆಗಳು ಉಗ್ರಾಣಗಳಾದವು. ಇವರ ತಂದೆಯೂ ನದಿ ದಾಟಿದರು. ಕೊನೆಯವರೆಗೂ ಆ ಫ್ಲಾಟಿನ ಬಾಲ್ಕನಿಯನ್ನು ಓಟಲೋ ಎಂದೇ ಕರೆಯುತ್ತಿದ್ದರಂತೆ.

“ನೀವು ಉಳಿಸಿದಿರಲ್ಲ” ಎಂದೆ.

“ಉಳಿಸಿದೆನೋ, ಬಾಡಿಗೆಗೆ ಕೊಟ್ಟೆನೋ! ಬ್ಯಾಂಕಿನ ಸಾಲ ಇನ್ನೂ ಇದೆ. ರಿಪೇರಿ ಮಾಡಿದವರಿಗೆ ಪಾಲಿಕೆಯವರು ಒಂದು ಹಕ್ಕು ಕೊಡುತ್ತಾರೆ. ಇಲ್ಲಿ ಎತ್ತರಕ್ಕೆ ಕಟ್ಟದಿರುವುದಕ್ಕೆ ಬದಲಾಗಿ ಬೇರೆಡೆ ಕಟ್ಟುವ ಹಕ್ಕು. ಅದನ್ನು ಬಿಲ್ಡರಿಗೆ ಮಾರಬಹುದು. ಅಂಥ ಸಹಾಯ ಇದ್ದರೂ ಮರದ ಮನೆಯೆಂದರೆ ಮುದಿ ತಾಯಿಯಿದ್ದಂತೆ. ಪ್ರತಿದಿನ ಯಾರಾದರೂ ಬಳಿಯಲ್ಲಿರಬೇಕು. ಹಣದಿಂದ ಗೆದ್ದಲು ಹೋಗುವುದಿಲ್ಲ, ಗುಡಿಸುವುದರಿಂದ ಹೋಗುತ್ತದೆ.”

ನಮ್ಮ ತೊಟ್ಟಿಮನೆಯನ್ನೂ ಹೀಗೆಯೇ ಹೋಟೆಲು ಮಾಡಿಬಿಡಬಹುದೆಂದು ಎರಡು ದಿನಗಳಿಂದ ನಾನು ಒಳಗೊಳಗೇ ಕನಸು ಕಟ್ಟುತ್ತಿದ್ದೆ. ಮೊದಲ ರಾತ್ರಿ ನಿದ್ದೆ ಬರದೆ ಕೋಣೆಗಳ ಲೆಕ್ಕವನ್ನೂ ಹಾಕಿದ್ದೆ. ಆ ಮಧ್ಯಾಹ್ನ ನನ್ನ ಹೋಟೆಲು ಮುಚ್ಚಿತು. ವಾರಕ್ಕೆ ಹದಿನಾರು ಗಂಟೆ ಪಾಠವಿರುವ ನಾನು ಹಾಸನದ ಹಳ್ಳಿಯಲ್ಲಿ ಯಾವಾಗ ಗುಡಿಸಲಿ? ಆದರೆ ಆ ಕಂಬದ ಕಪ್ಪು ಗುರುತು ಕಣ್ಣಿನಿಂದ ಹೋಗಲಿಲ್ಲ. ನಮ್ಮ ತಾತನ ಎಣ್ಣೆಗಲೆಯೂ ನಾಳೆ ಯಾವುದೋ ರೆಸಾರ್ಟಿನ ಊಟದ ಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ನಿಲ್ಲುತ್ತದೆ. ಯಾರ ಮನೆಯದೆಂದು ಕೊಂಡವನು ಕೇಳುವುದಿಲ್ಲ, ಮಾರಿದವನು ಹೇಳುವುದಿಲ್ಲ.

ಮಾಡಿಯ ಮೇಲಿನ ಊರು

14ರ ಬೆಳಗ್ಗೆ ಉತ್ತರಾಯಣ. ಸೂರ್ಯ ಮೂಡುವ ಮೊದಲೇ ಮೇಲಿನಿಂದ ಕೂಗು, ತಗಡಿನ ಪೀಪಿ, ಹಾಡುಗಳ ಅಬ್ಬರ. ಮಾಡಿ ಹತ್ತಿ ನೋಡಿದೆವು. ಊರಿಗೆ ಊರೇ ಮೇಲೆ ಬಂದಿತ್ತು! ಮಾಡಿಗೆ ಮಾಡಿ ತಾಗಿಕೊಂಡು ಅಲೆಯಂತೆ ಹಬ್ಬಿದ ಪಟ್ಟಣ. ಪ್ರತಿಯೊಂದು ಸೂರಿನ ಮೇಲೂ ಅಜ್ಜಿಯಿಂದ ಮೊಮ್ಮಗುವಿನವರೆಗೆ ಜನ. ಆಕಾಶದ ತುಂಬ ಕಾಗದದ ಹಕ್ಕಿಗಳು. ಯಾರದೋ ಪಟದ ದಾರ ಹರಿದರೆ ಸುತ್ತಲಿನ ಮಾಡಿಗಳೆಲ್ಲ ಒಂದೇ ಕೊರಳಿನಲ್ಲಿ “ಕಾಪ್ಯೋ ಛೇ!” ಎನ್ನುತ್ತವೆ. ಕತ್ತರಿಸಿದೆ ಎಂದು ಅರ್ಥ. ಹತ್ತು ಗಂಟೆಯ ಹೊತ್ತಿಗೆ ನಮ್ಮ ಮಗಳ ಕನ್ನಡದಲ್ಲೂ ಅದೊಂದೇ ವಾಕ್ಯ ಉಳಿದಿತ್ತು.

ಪಕ್ಕದ ಮಾಡಿ ನಮ್ಮದಕ್ಕಿಂತ ಒಂದು ಮೊಳ ತಗ್ಗು. ಅಲ್ಲಿಂದ ಎಪ್ಪತ್ತೈದು ದಾಟಿದ ಒಬ್ಬ ಮುದುಕಿ ಸೀರೆಯ ಸೆರಗು ಕಟ್ಟಿಕೊಂಡು ಗೋಡೆ ಹತ್ತಿ ನಮ್ಮ ಕಡೆ ದಾಟಿದರು. ಎಲ್ಲರೂ ಅವರನ್ನು ‘ಬಾ’ ಎನ್ನುತ್ತಿದ್ದರು. ಅಮ್ಮ ಎಂದು ಅರ್ಥ. ಕೈಯಲ್ಲಿ ಊಂಧಿಯುವಿನ ಡಬರಿ, ಜಿಲೇಬಿಯ ಪೊಟ್ಟಣ. ನನ್ನಾಕೆ ಊರಿನಿಂದ ತಂದಿದ್ದ ಎಳ್ಳು ಬೆಲ್ಲವನ್ನೂ ಸಕ್ಕರೆ ಅಚ್ಚನ್ನೂ ಕೊಟ್ಟಳು. ಬಾ ಅಚ್ಚಿನ ಆನೆಯನ್ನು ಹಿಡಿದು ತಿರುಗಿಸಿ ನೋಡಿ, ತಿನ್ನದೆ ಸೆರಗಿಗೆ ಗಂಟು ಹಾಕಿಕೊಂಡರು. ಎಳ್ಳು ತಿಂದು ಒಳ್ಳೆಯ ಮಾತನಾಡಬೇಕೆಂಬ ನಮ್ಮ ಪದ್ಧತಿಯನ್ನು ಇವಳು ವಿವರಿಸಿದಾಗ, ಒಳ್ಳೆಯ ಮಾತಿನ ಜೊತೆಗೆ ನಿಜವನ್ನೂ ಆಡಬಹುದೇ ಎಂದು ಕೇಳಿ ನಕ್ಕರು.

ಅವರ ನಿಜ ಹೀಗಿತ್ತು. “ಈ ಮನೆ ಎಂಟು ವರ್ಷ ಕತ್ತಲಾಗಿತ್ತು. ರಾತ್ರಿ ಆ ಕಡೆ ನೋಡಲು ಹೆದರುತ್ತಿದ್ದೆ. ಈಗ ದೀಪ ಇದೆ, ಅದು ಸಂತೋಷ. ಆದರೆ ದಿನಕ್ಕೊಂದು ಮುಖ. ಮೊದಲು ಈ ಮನೆಯಲ್ಲಿ ಯಾರಿಗೆ ಕೆಮ್ಮು, ಯಾರಿಗೆ ಮಗು ಎಂದು ನನಗೆ ಗೊತ್ತಿರುತ್ತಿತ್ತು. ನೀವು ಒಳ್ಳೆಯವರು, ನಾಳೆ ಹೋಗುತ್ತೀರಿ. ನನಗೆ ರಾತ್ರಿ ಜ್ವರ ಬಂದರೆ ಗೋಡೆ ತಟ್ಟಿ ಯಾರನ್ನು ಕರೆಯಲಿ?”

ನಮ್ಮಲ್ಲಿ ಉತ್ತರವಿರಲಿಲ್ಲ. ಒಂದು ರಾತ್ರಿಗೆ ನನ್ನ ಎರಡು ದಿನದ ಸಂಬಳ ತೆತ್ತು ನಾವು ಕೊಂಡದ್ದು ಮನೆಯನ್ನು, ನೆರೆಯನ್ನು ಕೊಂಡಿರಲಿಲ್ಲ. ಅದು ಮಾರಾಟಕ್ಕೆ ಇರುವಂಥದ್ದೂ ಅಲ್ಲ.

ಮಧ್ಯಾಹ್ನದ ಹೊತ್ತಿಗೆ ಬಾ ಅವರ ಮಾಡಿ ತುಂಬಿಹೋಯಿತು. ನದಿಯ ಆಚೆಯಿಂದ ಮಕ್ಕಳು, ಸೊಸೆಯರು, ಮೊಮ್ಮಕ್ಕಳು ಬಂದರು. ಬರೀ ಅವರಲ್ಲ; ಪೋಳ ಬಿಟ್ಟುಹೋದವರೆಲ್ಲ ಉತ್ತರಾಯಣಕ್ಕೆ ಹಳೆಯ ಮಾಡಿಗೆ ಬರುತ್ತಾರೆ. ಮನೆ ಮಾರಿದವರೂ ಬರುತ್ತಾರೆ, ಗೆಳೆಯರ ಮಾಡಿಗೆ. ಯಾರೂ ಇಲ್ಲದವರು ದಿನದ ಮಟ್ಟಿಗೆ ಮಾಡಿಯನ್ನು ಬಾಡಿಗೆಗೆ ಹಿಡಿದೂ ಬರುತ್ತಾರೆ. ಐವತ್ತು ವರ್ಷದ ಬೊಕ್ಕತಲೆಯವರೊಬ್ಬರು ಬೀಗ ಬಿದ್ದ ಮನೆಯ ಸೂರಿನತ್ತ ಬೆರಳು ತೋರಿ ತಮ್ಮ ಮಗನಿಗೆ ಏನನ್ನೋ ವಿವರಿಸುತ್ತಿದ್ದರು. ಭಾಷೆ ತಿಳಿಯದಿದ್ದರೂ ಮಾತು ತಿಳಿಯಿತು.

ಈ ಹಬ್ಬಕ್ಕೆ ಇನ್ನೊಂದು ಮುಖವೂ ಉಂಟು. ಗಾಜಿನ ಪುಡಿ ಹಚ್ಚಿದ ಮಾಂಜಾ ದಾರ ಪಟಗಳನ್ನಷ್ಟೇ ಕತ್ತರಿಸುವುದಿಲ್ಲ. ಸಂಜೆ ಒಂದು ಪಾರಿವಾಳ ರೆಕ್ಕೆ ಸೀಳಿ ನಮ್ಮ ಮಾಡಿಗೆ ಬಿತ್ತು. ಪ್ರತಿ ಪೋಳದಲ್ಲೂ ಹಕ್ಕಿಗೊಂದು ಕಾಳಿನ ಗೋಪುರ ಕಟ್ಟಿದ ಊರು ಇದು! ಪ್ಲಾಸ್ಟಿಕ್ ಮಾಂಜಾವನ್ನು 2017ರಲ್ಲಿ ಹಸಿರು ನ್ಯಾಯಮಂಡಳಿ ನಿಷೇಧಿಸಿತು. ಗಾಯಗೊಂಡ ಹಕ್ಕಿಗಳಿಗೆ ಈ ದಿನಗಳಲ್ಲಿ ಚಿಕಿತ್ಸೆಯ ಏರ್ಪಾಡೂ ಇರುತ್ತದೆ. ಬಾ ಅವರ ಮೊಮ್ಮಗ ಹಕ್ಕಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಓಡಿದ. ನನ್ನ ಮಗಳು ಆಮೇಲೆ ಪಟ ಹಾರಿಸಲಿಲ್ಲ.

ಬೀಗದ ಕೈ

15ರ ಬೆಳಿಗ್ಗೆ ಪೆಟ್ಟಿಗೆ ಕಟ್ಟುವಾಗ ಅಡಿಯಲ್ಲಿದ್ದ ಕಾಗದ ಕೈಗೆ ಬಂತು. ನನ್ನಾಕೆ ನೋಡಿದಳು, ಏನೂ ಕೇಳಲಿಲ್ಲ. ನಾನು ಚೋಕಿಗೆ ಇಳಿದು ಬಂದೆ. ಯಜಮಾನರು ಟಾಂಕಾದ ಮುಚ್ಚಳ ತೆಗೆದು ನೀರಿನ ಮಟ್ಟ ನೋಡುತ್ತಿದ್ದರು. ನಲ್ಲಿಯ ನೀರಿರುವಾಗ ದಿನವೂ ಏಕೆ ನೋಡುತ್ತೀರಿ ಎಂದೆ. “ನೋಡದಿದ್ದರೆ ನೀರೂ ಮುನಿಸಿಕೊಳ್ಳುತ್ತದೆ” ಎಂದು ನಕ್ಕರು.

ಅಲ್ಲೇ ಜಗುಲಿಯ ಮೇಲೆ ಕುಳಿತು ಅಣ್ಣನಿಗೆ ಫೋನು ಮಾಡಿದೆ. ಹೋಟೆಲಿನ ಮಾತನ್ನಾಗಲಿ ಕಂಬದ ಮಾತನ್ನಾಗಲಿ ಎತ್ತಲಿಲ್ಲ. “ಸಹಿಗೆ ಅವಸರ ಬೇಡ ಅಣ್ಣ. ಈ ಯುಗಾದಿಗೆ ಎಲ್ಲರೂ ಊರ ಮನೆಗೆ ಹೋಗೋಣ. ಅಕ್ಕನಿಗೂ ಹೇಳು. ಮಕ್ಕಳನ್ನೂ ಕರೆದುಕೊಂಡು ಹೋಗೋಣ. ಬಾಗಿಲು ತೆಗೆದು, ಗುಡಿಸಿ, ಒಂದು ದಿನ ಒಲೆ ಹಚ್ಚೋಣ. ಮಾರೋದೋ ಬಿಡೋದೋ ಆಮೇಲೆ ಅಲ್ಲೇ ಕೂತು ಮಾತಾಡೋಣ,” ಎಂದೆ.

ಅಣ್ಣ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, “ಮನೆಯೆಲ್ಲಾ ಸೋರುತ್ತಲ್ಲೋ!” ಎಂದ.

“ಯುಗಾದಿಗೆ ಮಳೆ ಎಲ್ಲಣ್ಣ?”

“ಬೀಗದ ಕೈ ನಿನ್ನ ಹತ್ರ ಇದೆಯೋ, ನನ್ನ ಹತ್ರ ಇದೆಯೋ?”

ನಾನು ಯೋಚಿಸಿದೆ. ಆರು ವರ್ಷಗಳಲ್ಲಿ ಅದು ಯಾರ ಬಳಿ ಇದೆಯೆಂಬುದೇ ನಮ್ಮಿಬ್ಬರಿಗೂ ಮರೆತುಹೋಗಿತ್ತು.

“ಹುಡುಕೋಣ,” ಎಂದೆ.

ಓಣಿಯಲ್ಲಿ ಪೆಟ್ಟಿಗೆ ಹೊತ್ತು ಹೊರಟಾಗ ಬಾ ತಮ್ಮ ಓಟಲೋ ಮೇಲೆ ಕುಳಿತಿದ್ದರು. ಮಗಳು ನಮಸ್ಕಾರ ಮಾಡಿದಳು. ಅವರು ಸೆರಗಿನ ಗಂಟು ಬಿಚ್ಚಿ ಸಕ್ಕರೆಯ ಆನೆ ಇನ್ನೂ ಇದೆಯೆಂದು ತೋರಿಸಿದರು. ಹೆಬ್ಬಾಗಿಲ ಬಳಿ ಮತ್ತೆ ಅದೇ ಹಸು ಎದುರಾಯಿತು. ಈ ಸಲ ಯಾರೂ ಹೇಳಿಕೊಡದೆ ನಾವೇ ಒಂದು ಜಗುಲಿ ಹತ್ತಿ ದಾರಿ ಬಿಟ್ಟೆವು.